‘ಹಲವು ದಶಕಗಳ ನಂತರ’ ಎಂಬ ಸಾಲಿನ ಬಗ್ಗೆ

ನಮಸ್ಕಾರ,

ಅಮೆರಿಕದ ಜನಪದ ಗಾಯಕಿ, ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಈ ಲೇಖನ ನಮ್ಮಲ್ಲಿ ಬರಲೇಬೇಕು ಅಂತ ನನಗೆ ಆಸೆ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಗ್ರಾಮಿ ಪ್ರಶಸ್ತಿಯಿಂದ ಶುರು ಮಾಡಿದ್ದೀರಿ. 1985, ತೊಂಬತ್ತು ದಾಟಿದ ಅಜ್ಜಿ, ಚಪ್ಪಾಳೆ. ಅಲ್ಲಿಂದ 1893ಕ್ಕೆ ಹಾರಿ, ನಾರ್ತ್ ಕ್ಯಾರೊಲಿನಾದ ಬಾಲ್ಯವನ್ನು ಎರಡು ಪ್ಯಾರಾದಲ್ಲಿ ಮುಗಿಸಿದ್ದೀರಿ. ಮದುವೆ, ಮಗಳು, ಚರ್ಚಿನವರ ಮಾತಿಗೆ ಗಿಟಾರ್ ಬದಿಗಿಟ್ಟದ್ದು, ಎಲ್ಲಾ ಸೇರಿ ಒಂದೇ ವಾಕ್ಯ. ಆಮೇಲೆ ಈ ಸಾಲು ಬರುತ್ತದೆ: “ಹಲವು ದಶಕಗಳ ನಂತರ ಅದೃಷ್ಟ ಆಕೆಯ ಬಾಗಿಲು ತಟ್ಟಿತು.” ನನ್ನ ತಕರಾರು ಮುಖ್ಯವಾಗಿ ಈ ಸಾಲಿನ ಮೇಲೆ.

ಆ ಹಲವು ದಶಕ ಆಕೆ ಏನು ಮಾಡುತ್ತಿದ್ದರು? ಬೇರೆಯವರ ಮನೆಗೆಲಸ ಮಾಡುತ್ತಿದ್ದರು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳಿಗೆ ಆಗ ಸಿಗುತ್ತಿದ್ದ ಕೆಲಸ ಹೆಚ್ಚುಕಡಿಮೆ ಅದೊಂದೇ. ಅವರ ಬದುಕಿನ ದೊಡ್ಡ ಪಾಲು ಅಲ್ಲೇ ಕಳೆದಿದೆ. ಅದನ್ನು ದಾಟಿ ಹೋದದ್ದರಿಂದ ಮೊದಲ ಗಿಟಾರಿನ ತೂಕವೂ ನಿಮ್ಮ ಲೇಖನದಲ್ಲಿ ಕಳೆದುಹೋಗಿದೆ. ಚಿಕ್ಕ ಹುಡುಗಿಯಾಗಿ ಮನೆಗೆಲಸಕ್ಕೆ ಹೋದಾಗ ಅವರ ಸಂಬಳ ತಿಂಗಳಿಗೆ 75 ಸೆಂಟ್. ಗಿಟಾರಿನ ಬೆಲೆ 3 ಡಾಲರ್ 75 ಸೆಂಟ್. ಆ ಲೆಕ್ಕದಲ್ಲಿ ಐದು ತಿಂಗಳ ಪೂರ್ತಿ ಸಂಬಳ! ನೀವು “ಕಷ್ಟಪಟ್ಟು ಗಿಟಾರ್ ಕೊಂಡರು” ಅಂತಷ್ಟೇ ಬರೆದಿದ್ದೀರಿ. ಈ ಎರಡು ಅಂಕಿ ಬರೆಯಿರಿ, “ಕಷ್ಟಪಟ್ಟು” ಅನ್ನುವ ಮಾತೇ ಬೇಕಾಗುವುದಿಲ್ಲ.

ಇನ್ನು “ಸೀಗರ್ ಕುಟುಂಬ ಆಕೆಯನ್ನು ಪತ್ತೆಹಚ್ಚಿತು” ಎಂಬ ಮಾತು. ಸೀಗರ್ ಅವರದು ಸಂಗೀತಗಾರರ ಮನೆತನ. ನಡೆದದ್ದನ್ನು ಒಮ್ಮೆ ನೋಡಿ. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕಾಟನ್ ಕೆಲಸಕ್ಕಿದ್ದರು. ಅಲ್ಲಿ ಪೆಗಿ ಸೀಗರ್ ಎಂಬ ಪುಟ್ಟ ಹುಡುಗಿ ತಪ್ಪಿಸಿಕೊಂಡಿದ್ದಳು. ಅವಳನ್ನು ತಾಯಿ ರೂತ್ ಕ್ರಾಫರ್ಡ್ ಸೀಗರ್ ಬಳಿ ಸೇರಿಸಿದ್ದು ಕಾಟನ್. ಹಾಗಾದರೆ ಯಾರು ಯಾರನ್ನು ಪತ್ತೆಹಚ್ಚಿದ್ದು? ಆ ಪರಿಚಯದಿಂದಲೇ ಅವರು ಸೀಗರ್ ಮನೆಯ ಕೆಲಸಕ್ಕೆ ಸೇರಿದರು. ಅಡುಗೆಮನೆ ಗೋಡೆಗೆ ಆ ಮನೆಯವರು ಗಿಟಾರ್ ನೇತುಹಾಕಿದ್ದರು. ಅದನ್ನು ಇಳಿಸಿಕೊಂಡು ನುಡಿಸಿದ್ದು ಕಾಟನ್ ಅವರೇ. ಪೆಗಿಯ ಅಣ್ಣ ಮೈಕ್ ಸೀಗರ್ ಮುಂದೆ ಅವರ ಹಾಡುಗಳನ್ನು ರೆಕಾರ್ಡ್ ಮಾಡಿದರು, 1958ರಲ್ಲಿ ಮೊದಲ ಆಲ್ಬಂ ಬಂತು. ಆ ಉಪಕಾರ ದೊಡ್ಡದು, ಅದನ್ನು ಬರೆಯಿರಿ. ಆದರೆ ಗಿಟಾರ್ ಎತ್ತಿಕೊಂಡ ಕೈ ಯಾರದು ಅನ್ನುವುದು ಮೊದಲು ಬರಲಿ.

ಕೈ ಅಂದಾಗ ನೆನಪಾಯಿತು. “ಆಕೆಯದು ವಿಶಿಷ್ಟ ಶೈಲಿ” ಎಂದು ಮೂರು ಕಡೆ ಬರೆದಿದ್ದೀರಿ, ಏನು ವಿಶಿಷ್ಟ ಅಂತ ಒಂದು ಕಡೆಯೂ ಹೇಳಿಲ್ಲ. ಅವರು ಎಡಚರು. ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು ತಂತಿ ಬದಲಿಸದೆ ಹಾಗೇ ತಿರುಗಿಸಿ ಹಿಡಿಯುತ್ತಿದ್ದರು. ಆಗ ದಪ್ಪ ತಂತಿಗಳು ಕೆಳಗೆ ಬರುತ್ತವೆ, ಸಣ್ಣವು ಮೇಲೆ. ಉಳಿದವರು ಹೆಬ್ಬೆರಳಿನಲ್ಲಿ ಮಂದ್ರದ ಸ್ವರ ನುಡಿಸುತ್ತಾರೆ, ಇವರು ಅದನ್ನು ಬೆರಳುಗಳಿಗೆ ಕೊಟ್ಟು ಹಾಡಿನ ಧಾಟಿಯನ್ನು ಹೆಬ್ಬೆರಳಿನಲ್ಲಿ ಎಳೆದರು. ಯಾರೂ ಕಲಿಸಿದ್ದಲ್ಲ. ದಯವಿಟ್ಟು ಒಂದು ವಿಡಿಯೊ ಹಾಕಿಕೊಂಡು, ದನಿ ತೆಗೆದು, ಬರೀ ಆ ಕೈ ನೋಡಿ. ಆಮೇಲೆ ಕಂಡದ್ದನ್ನು ಬರೆಯಿರಿ.

ಕಾಟನ್ ಅವರ ‘ಫ್ರೈಟ್ ಟ್ರೇನ್’ ಹಾಡಿನ ಭಾಗವನ್ನು ಚೆನ್ನಾಗಿ ಬರೆದಿದ್ದೀರಿ. ಮನೆ ಹತ್ತಿರದ ಹಳಿ, ಓಡುವ ಗೂಡ್ಸ್ ಗಾಡಿ, ಸತ್ತ ಮೇಲೂ ರೈಲಿನ ಸದ್ದು ಕೇಳುವಂಥ ಜಾಗದಲ್ಲಿ ನನ್ನನ್ನು ಹೂಳಿ ಅನ್ನುವ ಎಳೆಯ ಹುಡುಗಿ. ಅಲ್ಲಿ ನನ್ನ ಗಂಟಲು ಕಟ್ಟಿತು. ಆದರೆ ಮುಂದಿನದನ್ನು ಯಾಕೆ ಬಿಟ್ಟಿರಿ? ಪೆಗಿ ಆ ಹಾಡನ್ನು ಇಂಗ್ಲೆಂಡಿಗೆ ಕೊಂಡೊಯ್ದರು. 1957ರಲ್ಲಿ ಅದು ಅಲ್ಲಿ ಹಿಟ್ ಆಯಿತು, ಬರೆದವರು ಅಂತ ಬೇರೆ ಇಬ್ಬರ ಹೆಸರು ಬಂತು. ಹಾಡಿನ ಹಕ್ಕಿನಲ್ಲಿ ತನ್ನ ಹೆಸರು ಬರಲು ಕಾಟನ್ ಕಾಯಬೇಕಾಯಿತು. ತಾನು ಬಾಲ್ಯದಲ್ಲಿ ಕಟ್ಟಿದ ಹಾಡು ಸಮುದ್ರದಾಚೆ ಊರೂರಲ್ಲಿ ಕೇಳುತ್ತಿದ್ದಾಗ ಆಕೆ ಇನ್ನೂ ಮನೆಗೆಲಸದಲ್ಲೇ ಇದ್ದರು. ನಿಮ್ಮ ಲೇಖನದ ನಡುಗಂಬ ಇದೇ ಅಲ್ವಾ?

ನಮ್ಮ ಜನಪದ ಗಾಯಕಿಯರಿಗೆ ಹೋಲಿಸಿದ ಪ್ಯಾರಾ ತೆಗೆಯಿರಿ, ಸುಮ್ನೆ ಸೇರಿಸಿದ ಹಾಗಿದೆ. “ಸಾಧನೆಗೆ ವಯಸ್ಸಿಲ್ಲ” ಎಂಬ ಕೊನೆಯ ಪ್ಯಾರಾ ಕೂಡ ಬೇಡ. ಅರವತ್ತು ದಾಟುವವರೆಗೆ ಅವರಿಗೆ ವೇದಿಕೆ ಸಿಗದಂತೆ ಮಾಡಿದ್ದು ವಯಸ್ಸಲ್ಲ. ಬಡತನ, ಬಣ್ಣ, ಬಿಡುವಿಲ್ಲದ ದುಡಿಮೆ. ಆ ಪ್ಯಾರಾ ಇದನ್ನೆಲ್ಲ ಮುಚ್ಚಿಬಿಡುತ್ತದೆ.

ಪ್ರಶಸ್ತಿಗಳಿಗೆ ಎರಡು ಸಾಲು ಸಾಕು. ಉಳಿದ ಜಾಗವೆಲ್ಲ ಆ ದಶಕಗಳಿಗೆ ಕೊಡಿ. ಒಂದು ತಿಂಗಳು ಸಾಕಾಗುತ್ತದಾ? ಜಾಸ್ತಿ ಬೇಕಿದ್ದರೆ ಹೇಳಿ, ಕಾಯುತ್ತೇನೆ.

ನಿಮ್ಮ,
ಸಂಪಾದಕ