ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಸಂಗೀತದ ಮೊದಲ ಧ್ವನಿಮುದ್ರಿಕೆಗಳಲ್ಲಿ ಗಾಯಕಿಯರೇ ಏಕೆ ಮುಂದಿದ್ದರು?

1920ರ ಆಗಸ್ಟ್ 10ರಂದು ನ್ಯೂಯಾರ್ಕಿನಲ್ಲಿ ಓಕೆ ಧ್ವನಿಮುದ್ರಿಕೆ ಕಂಪನಿಗಾಗಿ ಆಫ್ರಿಕನ್ ಅಮೆರಿಕನ್ ಗಾಯಕಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ನಿರೀಕ್ಷೆ ಮೀರಿ ಮಾರಾಟವಾದದ್ದೇ ಇದಕ್ಕೆ ಮುಖ್ಯ ಕಾರಣ. ಆಫ್ರಿಕನ್ ಅಮೆರಿಕನ್ ಕೇಳುಗರು ತಮ್ಮವರ ಹಾಡನ್ನು ಹಣ ಕೊಟ್ಟು ಕೊಳ್ಳುತ್ತಾರೆಂಬುದು ಅದರಿಂದ ಖಚಿತವಾದಾಗ, ಇತರ ಕಂಪನಿಗಳೂ ರಂಗಮಂದಿರಗಳಲ್ಲಿ, ಡೇರೆ ಪ್ರದರ್ಶನಗಳಲ್ಲಿ ಆಗಲೇ ಹೆಸರು ಮಾಡಿದ್ದ ಗಾಯಕಿಯರನ್ನು ಹುಡುಕಿಕೊಂಡು ಹೋದವು. 1923ರಲ್ಲಿ ಬೆಸ್ಸಿ ಸ್ಮಿತ್ ಕೊಲಂಬಿಯಾ ಕಂಪನಿಗೂ ಮಾ ರೇನಿ ಪ್ಯಾರಾಮೌಂಟ್ ಕಂಪನಿಗೂ ಹಾಡತೊಡಗಿದರು.

ಆಗಿನ್ನೂ ಧ್ವನಿಮುದ್ರಣಕ್ಕೆ ಮೈಕ್ರೋಫೋನ್ ಬಳಕೆಗೆ ಬಂದಿರಲಿಲ್ಲ. ಗಾಯಕಿ ದೊಡ್ಡ ಕಹಳೆಯೊಂದರ ಬಾಯಿಗೆ ಹಾಡಬೇಕಿತ್ತು, ಆ ಧ್ವನಿಯ ಬಲದಿಂದಲೇ ಸೂಜಿ ಕಂಪಿಸಿ ಮೇಣದ ಮೇಲೆ ಗೀರು ಮೂಡುತ್ತಿತ್ತು. ಡೇರೆಯ ಕೊನೆಯ ಸಾಲಿಗೂ ಕೇಳಿಸುವಂತೆ ಹಾಡಿ ಪಳಗಿದ್ದ ಕಂಠಗಳಿಗೆ ಈ ವಿಧಾನ ಒಗ್ಗಿತು.

1925ರ ಜನವರಿಯಲ್ಲಿ ಬೆಸ್ಸಿ ಸ್ಮಿತ್ ಹಾಡಿದ ‘ಸೇಂಟ್ ಲೂಯಿಸ್ ಬ್ಲೂಸ್’ ಅನ್ನು ತಪ್ಪದೆ ಕೇಳಬೇಕು: ಹಾರ್ಮೋನಿಯಂ ನಾದದ ಮೇಲೆ ಆಕೆ ಒಂದೊಂದು ಸಾಲು ಮುಗಿಸುತ್ತಿದ್ದಂತೆ ಜಾಸ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯದಲ್ಲಿ ಉತ್ತರ ಕೊಡುತ್ತಾರೆ, ಬ್ಲೂಸ್ ಗಾಯನಕ್ಕೂ ಜಾಸ್ ವಾದನಕ್ಕೂ ಇರುವ ಆಪ್ತ ನಂಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಆ ಕಾಲದ ಮುದ್ರಿಕೆ, ನನ್ನ ದೃಷ್ಟಿಯಲ್ಲಿ, ಇನ್ನೊಂದಿಲ್ಲ.