ಮೂರು ಓಟು, ಒಬ್ಬ ನೆಂಟ

ಪ್ರಶ್ನೆ: ನಮ್ದು ಸಕಲೇಶಪುರ ತಾಲೂಕು. ಗ್ರಾಮ ಪಂಚಾಯ್ತಿ ಎಲೆಕ್ಷನ್ ಮಾತು ಬಂದ್ರೆ ಸಾಕು ಮನೇಲಿ ಜಗಳ. ವಾರ್ಡಲ್ಲಿ ಮೂರು ಸೀಟು, ಎಂಟು ಜನ ಓಡಾಡ್ತಿದಾರೆ, ಅದ್ರಲ್ಲೊಬ್ಬ ನಮ್ಮ ಯಜಮಾನ್ರ ಅಣ್ಣನ ಮಗ. ಎಲ್ರೂ ತೋಟಕ್ಕೆ ನುಗ್ಗೋ ಆನೆ ಓಡಿಸ್ತೀವಿ ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ಮಗ, ಅಲ್ಲಿ ಕ್ಯಾಂಡಿಡೇಟಿಗೆ ಮಾತ್ರ ಅಲ್ಲ ಕಾನೂನಿಗೂ ಜನಾನೇ ಓಟು ಹಾಕ್ತಾರೆ, ನಮ್ಮಲ್ಲಿ ಯಾಕಿಲ್ಲ ಅಂತಾನೆ. ಯಾರಿಗೆ ಹಾಕ್ಲಿ ಹೇಳಿ. ಹೆಸರು ಹಾಕ್ಬೇಡಿ, ನೆಂಟ್ರೂ ಈ ಪತ್ರಿಕೆ ತರಿಸ್ತಾರೆ.

ಉತ್ತರ: ಹೆಸರು ಹಾಕಲ್ಲ ಬಿಡಿಯಮ್ಮ.

ಮೊದ್ಲು ಆನೆ. ಆನೆ ಓಡ್ಸೋದು, ಹಿಡಿಯೋದು ಅರಣ್ಯ ಇಲಾಖೆ ಕೆಲಸ, ಪಂಚಾಯ್ತಿ ಮೆಂಬರ್ ಕೈಲಿ ಆಗೋದಲ್ಲ, ಹಂಗಾಗಿ ಆ ಮಾತು ಕೇಳಿ ಕಾಫಿ ಕೊಟ್ಟು ಕಳ್ಸಿ. ಆದ್ರೆ ಕಾಫಿ ಕುಡಿಯೋವಾಗ್ಲೇ ಒಂದು ಕೇಳಿ, ತೋಟದ ಕೆಲಸದವ್ರ ಲೈನ್ ಮನೆ ಹತ್ರ ದಾರೀಲಿ ಆನೆ ನಿಂತಿದ್ರೆ ಕಾಣೋ ಹಾಗೆ ಒಂದು ಬೀದಿದೀಪ ಹಾಕಿಸ್ತೀಯೇನಪ್ಪ ಅಂತ. ಅದು ಪಂಚಾಯ್ತಿ ಕೆಲಸ. ಕುಡಿಯೋ ನೀರು, ಚರಂಡಿ, ಕಸ, ಮನೆ ಕಂದಾಯ, ಮನೆ-ಸೈಟಿನ ಆನ್‌ಲೈನ್ ದಾಖಲೆ ಅಂದ್ರೆ ಇ-ಸ್ವತ್ತು, ವಸತಿ ಯೋಜನೇಲಿ ಮನೆ ಯಾರಿಗೆ ಅನ್ನೋ ಪಟ್ಟಿ, ಇಷ್ಟರ ಬಗ್ಗೆ ಯಾರು ನೆಟ್ಟಗೆ ಮಾತಾಡ್ತಾರೋ ಅವ್ರನ್ನ ನೆನಪಲ್ಲಿಟ್ಕೊಳಿ.

ಮಗ ಹೇಳಿದ್ದು ನಿಜ. 1978ರಲ್ಲಿ ಅಲ್ಲಿ 13ನೇ ನಂಬರಿನ ಪ್ರಸ್ತಾವಕ್ಕೆ ಜನಾನೇ ಓಟು ಹಾಕಿ, ಆಸ್ತಿ ತೆರಿಗೆ ಬೆಲೆಯ ಒಂದು ಪರ್ಸೆಂಟ್ ದಾಟಬಾರ್ದು ಅಂತ ಮಾಡಿಬಿಟ್ರು. ನಮ್ಮಲ್ಲಿ ಬ್ಯಾಲೆಟ್ಟಲ್ಲಿ ಅಂಥದ್ದೇನೂ ಇರಲ್ಲ, ಇರೋದು ಗ್ರಾಮಸಭೆ. ಆರು ತಿಂಗಳಿಗೆ ಒಂದ್ಸಲನಾದ್ರೂ ಸೇರ್ಲೇಬೇಕು, ಓಟಿರೋರೆಲ್ಲ ಅದರ ಸದಸ್ಯರೇ, ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಸೇರಿದ್ರೆ ಕೋರಂ, ಅಂದ್ರೆ ಸಭೆ ನಡೆಸೋಕೆ ಬೇಕಾದಷ್ಟು ಜನ. ನಿಜ ಹೇಳ್ಬೇಕಂದ್ರೆ ಅಷ್ಟೂ ಜನ ಬರಲ್ಲ, ಆಮೇಲೆ ಸೈನ್ ಪುಸ್ತಕ ಮನೆಮನೆಗೆ ತಿರುಗುತ್ತೆ, ನಾನೂ ಒಂದ್ಸಲ ಹಿತ್ಲಲ್ಲಿ ಮೆಣಸು ಒಣಗಿಸ್ತಾ ಸೈನ್ ಹಾಕಿದೀನಿ, ಈಗ್ಲೂ ನಾಚಿಕೆ ಆಗುತ್ತೆ. ಹಳೇ ಮೆಂಬರ್ ಮತ್ತೆ ನಿಂತಿದ್ರೆ ಹಿಂದಿನ ಗ್ರಾಮಸಭೇಲಿ, ಪಂಚಾಯ್ತಿ ಲೆಕ್ಕ ನೋಡೋ ಜಮಾಬಂದೀಲಿ ನೀವೇನು ಮಾತಾಡಿದ್ರಿ ಅಂತ ಕೇಳಿ, ಮುಖ ನೋಡಿದ್ರೇ ಗೊತ್ತಾಗುತ್ತೆ.

ಮಹಿಳಾ ಸೀಟಿಗೆ ನಿಂತಿರೋ ಹೆಣ್ಮಗಳು ಬಾಗ್ಲಿಗೆ ಬಂದಾಗ ಬರೀ ಗಂಡನೇ ಮಾತಾಡ್ತಿದ್ರೆ, ಇವ್ರನ್ನೇ ಕೇಳಿದ್ದು ಅನ್ನಿ. ಅರ್ಧ ಸೀಟು ಹೆಣ್ಮಕ್ಕಳಿಗೆ ಅಂತ ಕಾನೂನಲ್ಲಿರೋದು ಗಂಡಂದಿರು ಮೀಟಿಂಗಲ್ಲಿ ಕೂರ್ಲಿ ಅಂತಲ್ವಲ್ಲ. ಅವಳು ತಡವರಿಸಿದ್ರೂ ಪರವಾಗಿಲ್ಲ, ಮಾತಾಡ್ಲಿ.

ಇನ್ನು ಓಟು. ಮೂರು ಸೀಟಿದ್ರೆ ಮೂರು ಜನಕ್ಕೆ ಸೀಲ್ ಒತ್ತಬಹುದು, ಒಬ್ರಿಗೆ ಒಂದೇ. ನಾಲ್ಕು ಜನಕ್ಕೆ ಒತ್ತಿದ್ರೆ ಇಡೀ ಓಟು ವೇಸ್ಟು, ಕಮ್ಮಿ ಒತ್ತಿದ್ರೆ ತೊಂದ್ರೆ ಇಲ್ಲ. ಅದಕ್ಕೇ ಕೆಲವ್ರು ನನಗೊಂದೇ ಒತ್ತಿ ಮಿಕ್ಕಿದ್ದು ಬಿಡಿ ಅಂತ ಬೇಡ್ಕೊಳೋದು, ಅವ್ರಿಗೆ ಲಾಭ, ನಿಮಗೆ ಎರಡು ಓಟು ಲಾಸು. ಮೀಸಲು ಸೀಟು ಇದ್ರೆ ಆ ವರ್ಗದವ್ರಲ್ಲಿ ಜಾಸ್ತಿ ಬಂದವ್ರೇ ಗೆಲ್ಲೋದು, ಹಂಗಾಗಿ ಎರಡನೇ ಸ್ಥಾನ ಬಂದ ಗಂಡಸು ಸೋತು ನಾಲ್ಕನೇ ಸ್ಥಾನದ ಹೆಣ್ಮಗಳು ಗೆಲ್ಲೋದೂ ಉಂಟು, ಎಣಿಕೆ ತಪ್ಪಿದೆ ಅಂತ ಗಲಾಟೆ ಮಾಡ್ಬೇಡಿ. ಮೂರೂ ಸೀಟು ಯಾವ್ಯಾವ ವರ್ಗಕ್ಕೆ ಅಂತ ಮೊದ್ಲೇ ಕೇಳ್ಕೊಂಡು ಹೋಗಿ.

ನಿಮ್ಮ ಭಾವನ ಮಗ? ಬೇರೆಯವ್ರನ್ನ ಕೇಳಿದ ಹಾಗೇ ಅವ್ನನ್ನೂ ಕೇಳಿ, ಬೀದಿದೀಪದ್ದೇ ಕೇಳಿ. ಉತ್ತರ ಸರಿಯಿದ್ರೆ ಮೂರರಲ್ಲೊಂದು ಅವ್ನಿಗೆ. ಇಲ್ಲಾಂದ್ರೆ ಬೂತಲ್ಲಿ ರಟ್ಟಿನ ಮರೆ ಇಟ್ಟಿರ್ತಾರಲ್ಲಮ್ಮ, ಅದರ ಹಿಂದೆ ನಿಮ್ಮ ಯಜಮಾನ್ರಿಗೂ ಎಂಟ್ರಿ ಇಲ್ಲ.