ದೊಡ್ಡಪ್ಪನ ಗ್ಲೈಡರ್ ರೇಡಿಯೋಗೆ ಮರೆವು

ಪ್ರಶ್ನೆ: ನಮ್ಮ ದೊಡ್ಡಪ್ಪ ಪುಣೆಯ ಹಡಪ್ಸರ್‌ನಲ್ಲಿ ಗ್ಲೈಡರ್ ಹಾರಿಸುತ್ತಿದ್ದರು. ಹಳೇ ರೇಡಿಯೋ ಬಿಚ್ಚಿ ಹೊಸದು ಹಾಕಿದಾಗ ಹಳೆಯದನ್ನು ಅವರೇ ಇಟ್ಟುಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಮೂಡಿಗೆರೆಯ ನಮ್ಮ ಮನೆಗೆ ಬಂತು. 12 ವೋಲ್ಟ್ ಬ್ಯಾಟರಿ ಕೊಟ್ಟರೆ ದೀಪ ಹತ್ತುತ್ತದೆ, ಅಂಕಿಗಳೂ ಬರುತ್ತವೆ. ಆದರೆ ನಾವು ಹಾಕಿಟ್ಟ ಚಾನೆಲ್‌ಗಳು ವೈರ್ ತೆಗೆದ ತಕ್ಷಣ ಅಳಿಸಿಹೋಗುತ್ತವೆ. ಒಳಗಿನ ಸಣ್ಣ ಬ್ಯಾಟರಿ ಹೋಗಿದೆ, ಕಂಪ್ಯೂಟರಿಗೆ ಹಾಕುವ ಬಟನ್ ಸೆಲ್ ತಂದು ಬೆಸುಗೆ ಹಾಕಿದರೆ ಆಯ್ತು ಅಂತ ಇಲ್ಲಿನ ಟಿವಿ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸ್ವಲ್ಪ ತಡೀರಿ. ರೋಗ ಏನು ಅಂತ ಅವರು ಸರಿಯಾಗೇ ಹೇಳಿದ್ದಾರೆ. ಔಷಧಿ ಕೊಡುವ ಮೊದಲು ನೋಡಬೇಕಾದ್ದು ಒಂದಿದೆ.

ನಾನು ವಾಯುಸೇನೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಈಗ ಹಾಸನದ ಮನೆಯ ಮುಂದಿನ ಕೋಣೆಯಲ್ಲೇ ಬೆಂಚು ಹಾಕಿಕೊಂಡಿದ್ದೇನೆ. ವಿಮಾನದ ಸೆಟ್ ಕೈಗೆ ಸಿಗುವುದು ಈಗ ಅಪರೂಪ. ನಿಮ್ಮ ಪತ್ರ ಬಂದ ದಿನ ಅದನ್ನು ಎರಡು ಸಲ ಓದಿದೆ.

ಗ್ಲೈಡರಿಗೆ ಎಂಜಿನ್ ಇಲ್ಲ. ಎಂಜಿನ್ ಇಲ್ಲದ ಮೇಲೆ ಕರೆಂಟ್ ಮಾಡುವ ಆಲ್ಟರ್ನೇಟರೂ ಇಲ್ಲ. ರೇಡಿಯೋ ಓಡುವುದು ಬ್ಯಾಟರಿ ಮೇಲೆ; ಹೆಚ್ಚಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನದು. ಸಂಜೆ ಹಾರಾಟ ಮುಗಿದ ಮೇಲೆ ಅದನ್ನು ಕಳಚಿ ಚಾರ್ಜಿಗೆ ಹಾಕುತ್ತಾರೆ. ಅಂದರೆ ದಿನಾ ಸಂಜೆ ರೇಡಿಯೋಗೆ ಕರೆಂಟ್ ಪೂರ್ತಿ ತಪ್ಪುತ್ತದೆ. ಚಾನೆಲ್‌ಗಳನ್ನು ನೆನಪಿಡುವ ಮೆಮೊರಿ ಚಿಪ್‌ಗೆ ರಾತ್ರಿಯೆಲ್ಲ ಒಂದು ಗುಟುಕು ಕರೆಂಟ್ ಬೇಕು. ಅದನ್ನು ಕೊಡುವುದೇ ಒಳಗಿನ ಪುಟ್ಟ ಸೆಲ್.

ಆ ಗುಟುಕು ಎಷ್ಟು ಸಣ್ಣದು ಅಂದ್ರೆ, ಒಂದೆರಡು ಮೈಕ್ರೋಆಂಪಿಯರ್ ಅಂತಿಟ್ಟುಕೊಳ್ಳಿ. ಕಂಪ್ಯೂಟರಿಗೆ ಹಾಕುವ ಬಟನ್ ಸೆಲ್, ಅಂದರೆ ಸಿಆರ್ 2032, ಅದರಲ್ಲಿ ಸುಮಾರು 220 ಮಿಲಿಆಂಪಿಯರ್ ಅವರ್ ಇರುತ್ತದೆ. 2 ಮೈಕ್ರೋಆಂಪಿಯರ್ ಲೆಕ್ಕ ಹಾಕಿದರೆ 1,10,000 ಗಂಟೆ, ಹನ್ನೆರಡು ವರ್ಷದ ಮೇಲಾಯಿತು! ನಿಮ್ಮ ದೊಡ್ಡಪ್ಪನ ಸೆಟ್‌ನ ಸೆಲ್ ತನ್ನ ಕೆಲಸ ಮುಗಿಸಿಯೇ ಹೋಗಿದೆ.

ಈಗ ನೋಡಬೇಕಾದ್ದು ಏನಂದರೆ, ಒಳಗಿರುವುದು ಚಾರ್ಜ್ ಆಗುವ ಬ್ಯಾಟರಿಯೋ, ಚಾರ್ಜ್ ಆಗದ್ದೋ? ಹಳೇ ಸೆಟ್‌ಗಳಲ್ಲಿ ಎರಡೂ ಉಂಟು. ಕೆಲವಕ್ಕೆ 3 ವೋಲ್ಟಿನ ಲಿಥಿಯಂ ಸೆಲ್. ಅದರ ಮುಂದೆ ಒಂದು ಡಯೋಡ್ ಕಾವಲು ಇರುತ್ತದೆ, ಹೊರಗಿನ ಕರೆಂಟ್ ಸೆಲ್‌ಗೆ ನುಗ್ಗದ ಹಾಗೆ. ಇನ್ನು ಕೆಲವಕ್ಕೆ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಬಣ್ಣದ ಪ್ಲಾಸ್ಟಿಕ್ ಸುತ್ತಿದ ಸಣ್ಣ ಪೀಪಾಯಿಯ ಹಾಗೆ. ಅದು ರೇಡಿಯೋ ಆನ್ ಇದ್ದಾಗೆಲ್ಲ ಚಾರ್ಜ್ ಆಗುತ್ತದೆ. ಆ ಜಾಗಕ್ಕೆ ಸಿಆರ್ 2032 ಹಾಕಿದರೆ, ಚಾರ್ಜ್ ಆಗಬಾರದ ಸೆಲ್‌ಗೆ ಚಾರ್ಜ್ ಹೋಗುತ್ತದೆ. ಅದು ಬಿಸಿಯಾಗಿ ಊದಿಕೊಂಡು ಸೋರುತ್ತದೆ, ಸಿಡಿಯಲೂಬಹುದು. ಆಕಾರ ನೋಡಿ ನಂಬಬೇಡಿ. ಚಾರ್ಜ್ ಆಗುವ ಬಟನ್ ಸೆಲ್‌ಗಳೂ ಇವೆ. ಎಂಎಲ್ 2032 ನೋಡಲಿಕ್ಕೆ ಸಿಆರ್ 2032 ತರಹವೇ ಇರುತ್ತದೆ. ಮೇಲೆ ಬರೆದ ಎರಡು ಅಕ್ಷರ ಓದಿ.

ಅಕ್ಷರ ಅಳಿಸಿಹೋಗಿದ್ದರೆ ಹೀಗೆ ಮಾಡಿ. ಸತ್ತ ಬ್ಯಾಟರಿ ತೆಗೆದು, ಆ ಎರಡು ತುದಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಒಂದು ಕೂರಿಸಿ. ರೇಡಿಯೋ ಆನ್ ಮಾಡಿ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಚಾರ್ಜಿಂಗ್ ಇಲ್ಲ, ಲಿಥಿಯಂ ಸೆಲ್ ಹಾಕಬಹುದು. ವೋಲ್ಟ್ ಗಟ್ಟಿಯಾಗಿ ಬಂದರೆ ಚಾರ್ಜ್ ಹೋಗುತ್ತಿದೆ ಅಂತ ಅರ್ಥ. ಸುಮ್ನೆ ಮೀಟರ್ ಮಾತ್ರ ಹಿಡಿದರೆ ಡಯೋಡ್‌ನಿಂದ ಜಿನುಗುವ ಚೂರು ಕರೆಂಟೂ ವೋಲ್ಟ್ ಥರ ಕಂಡು ಮೋಸ ಹೋಗುತ್ತೀರಿ. ರೆಸಿಸ್ಟರ್ ಅದಕ್ಕೇ.

ಪೀಪಾಯಿ ಬ್ಯಾಟರಿ ಕಂಡರೆ ಮೊದಲು ಅದರ ಸುತ್ತಮುತ್ತ ಟಾರ್ಚ್ ಬಿಟ್ಟು ನೋಡಿ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ತೋಟದವರೊಬ್ಬರು ಹಳೇ ವೈರ್‌ಲೆಸ್ ಸೆಟ್ ತಂದಿದ್ದರು. ಮುಚ್ಚಳ ತೆಗೆದರೆ ಬ್ಯಾಟರಿ ಕೆಳಗೆ ಹಸಿರು ಹೊಪ್ಪಳೆ, ಪಾಚಿ ಕಟ್ಟಿದ ಹಾಗೆ. ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು. ಆ ರಸ ಕ್ಷಾರ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ನಿಂಬೆರಸ ಹಚ್ಚಿ ಮೆಲ್ಲಗೆ ತಿಕ್ಕಿದೆ. ನೊರೆ ನಿಂತ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದೆ. ಭೂತಗನ್ನಡಿ ಹಿಡಿದು ನೋಡಿದಾಗ ಕೂದಲೆಳೆಯಂಥ ಎರಡು ಗೆರೆ ಕಡಿದಿದ್ದವು. ತೆಳ್ಳನೆ ತಂತಿ ಇಟ್ಟು ಸೇರಿಸಿದ ಮೇಲೆ ಸೆಟ್ ಮಾತಾಡಿತು. ನಿಮ್ಮದರಲ್ಲಿ ಹಸಿರು ಕಂಡರೆ ಹೊಸ ಬ್ಯಾಟರಿ ಆಮೇಲೆ, ಮೊದಲು ಈ ಕೆಲಸ.

ಇನ್ನು ಬೆಸುಗೆ. ಬಟನ್ ಸೆಲ್‌ನ ಮೈಮೇಲೆ ನೇರವಾಗಿ ಐರನ್ ಇಡಲೇಬೇಡಿ, ಬೇರೆಯವರಿಗೂ ಬಿಡಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಟ್ಟಿದ್ದೆ. ಸೀಸ ಹಿಡಿಯಲಿಲ್ಲ ಅಂತ ಇನ್ನೊಂದು ಕ್ಷಣ ಒತ್ತಿದೆ. ಟಪ್ ಅಂತ ಸೆಲ್ ಬಾಯಿ ಬಿಟ್ಟಿತು, ಕಪ್ಪು ರಸ ಬೋರ್ಡಿಗೆಲ್ಲ ಹಾರಿತು. ಕಣ್ಣು ಉಳಿದದ್ದು ಕನ್ನಡಕದಿಂದ. ಕಾಲು ಇರುವ ಸೆಲ್ ಅಂತಲೇ ಸಿಗುತ್ತದೆ; ಎರಡು ತಗಡಿನ ಪಟ್ಟಿಯನ್ನು ಕಾರ್ಖಾನೆಯಲ್ಲೇ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಅದನ್ನೇ ತರಿಸಿ. ನಿಮ್ಮ ಸೆಟ್ ಇನ್ನು ಕಪಾಟಿನಲ್ಲೇ ಇರುವುದಾದ್ದರಿಂದ ಹೋಲ್ಡರ್ ಹಾಕಿದರೂ ನಡೆಯುತ್ತದೆ. ಹಾರುವ ಸೆಟ್ ಆಗಿದ್ದರೆ ಅದುರಾಟಕ್ಕೆ ಸೆಲ್ ಸಡಿಲವಾಗುತ್ತದೆ, ಹೋಲ್ಡರ್ ಬೇಡ ಅನ್ನುತ್ತಿದ್ದೆ.

ಅಂದ ಹಾಗೆ, ಸೆಟ್ ಮುಂದೆ ಯಾವುದಾದರೂ ಗ್ಲೈಡರಿಗೆ ಹೋಗುವುದಿದ್ದರೆ ನೀವೂ ಮುಟ್ಟಬಾರದು, ನಾನೂ ಮುಟ್ಟಬಾರದು. ನಾಗರಿಕ ವಿಮಾನಯಾನದ ಉಸ್ತುವಾರಿ ನೋಡುವ ಡಿಜಿಸಿಎ ಒಪ್ಪಿದ ವರ್ಕ್‌ಶಾಪ್‌ನಲ್ಲೇ ಆಗಬೇಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಇದು ಬರೀ ಕೇಳುವ ರೇಡಿಯೋ ಅಲ್ಲ, ಮಾತು ಕಳಿಸುವ ಸೆಟ್ಟು. 118ರಿಂದ 136.975 ಮೆಗಾಹರ್ಟ್ಸ್‌ವರೆಗಿನ ಈ ಬ್ಯಾಂಡ್‌ನಲ್ಲಿ ಪೈಲಟ್‌ಗಳು ಕಂಟ್ರೋಲ್ ಟವರ್ ಜೊತೆ ಮಾತಾಡುತ್ತಾರೆ. 121.5 ತುರ್ತಿನ ಚಾನೆಲ್. ಮಕ್ಕಳು ಆಟಕ್ಕೆ ಮೈಕ್ ಒತ್ತಿದರೂ ಮೇಲೆ ಹೋಗುವ ವಿಮಾನಕ್ಕೆ ಕೇಳಿಸಬಹುದು. ಮೈಕ್ ಕಳಚಿ ಬೇರೆ ಕಡೆ ಇಡಿ. ಇಂಥ ಸೆಟ್‌ಗೆ ಲೈಸೆನ್ಸ್ ವಿಚಾರವೂ ಇದೆ; ಮತ್ತೆ ಕರೆಂಟ್ ಕೊಡುವ ಮೊದಲೇ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗಕ್ಕೆ ಒಂದು ಪತ್ರ ಬರೆದು ಕೇಳಿ.

ಅಳಿಸಿಹೋದ ಚಾನೆಲ್‌ಗಳು ಸೆಟ್‌ನಿಂದ ಮತ್ತೆ ಸಿಗುವುದಿಲ್ಲ. ಆದರೆ ದೊಡ್ಡಪ್ಪನ ಲಾಗ್‌ಬುಕ್ ಮನೆಯಲ್ಲಿದೆಯಾ? ಅದರ ಕೊನೆ ಪುಟ, ರಟ್ಟಿನ ಒಳಬದಿ ನೋಡಿ. 118ಕ್ಕೂ 137ಕ್ಕೂ ನಡುವಿನ ಅಂಕಿ, ಚುಕ್ಕಿ ಆದ ಮೇಲೆ ಎರಡೋ ಮೂರೋ ಅಂಕಿ ಕಂಡರೆ ಅದು ಅವರು ಬಳಸುತ್ತಿದ್ದ ಚಾನೆಲ್ಲೇ ಇರಬೇಕು.

ಪ್ರಶ್ನೆ: ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು. ನನ್ನ ಬಳಿ 1980ರ ದಶಕದ ಐಕಾಮ್ ಐಸಿ-751 ರೇಡಿಯೋ ಸೆಟ್ ಇದೆ, ಚೆನ್ನಾಗಿ ನಡೆಯುತ್ತಿದೆ. ಒಳಗಿನ ಬ್ಯಾಟರಿ ಸತ್ತ ಮೇಲೆ ಬದಲಾಯಿಸಿದರೆ ಸಾಲದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಸಾಲದು! ಸಾಯುವ ಮೊದಲೇ ಬದಲಾಯಿಸಿ. ಆ ಸೆಟ್‌ನಲ್ಲಿ ಬ್ಯಾಟರಿ ಕಾಯುವುದು ಚಾನೆಲ್‌ಗಳನ್ನಷ್ಟೇ ಅಲ್ಲ, ಸೆಟ್ ನಡೆಸುವ ಪ್ರೋಗ್ರಾಮೇ ಆ ಮೆಮೊರಿಯಲ್ಲಿದೆ. ಅದು ಹೋದರೆ ಸೆಟ್ ಕೆಲಸ ಮಾಡುವುದಿಲ್ಲ. ಎರಡು ಪೆನ್ಸಿಲ್ ಸೆಲ್ ಜೋಡಿಸಿ 3 ವೋಲ್ಟ್ ಮಾಡಿಕೊಳ್ಳಿ. ಒಂದು ಷಾಟ್ಕಿ ಡಯೋಡ್ (ವೋಲ್ಟ್ ಕಡಿಮೆ ನುಂಗುವ ಡಯೋಡ್) ಮೂಲಕ ಅದನ್ನು ಬ್ಯಾಟರಿಯ ಎರಡು ತುದಿಗೆ ಕೊಟ್ಟುಕೊಂಡೇ ಹಳೆಯದನ್ನು ಬಿಚ್ಚಿ. ಹೊಸದರ ಬೆಸುಗೆ ಆರಿದ ಮೇಲೆ ಪೆನ್ಸಿಲ್ ಸೆಲ್ ತೆಗೆಯಿರಿ. ಐರನ್ ಬಿಸಿಯಾದ ಮೇಲೆ ಪ್ಲಗ್ ಕಿತ್ತು ಬೆಸುಗೆ ಹಾಕಿ. ಅರ್ತ್ ಸರಿಯಿಲ್ಲದ ಮನೆಯಲ್ಲಿ ಐರನ್ ತುದಿಯಿಂದ ಸೋರುವ ಕರೆಂಟೂ ಮೆಮೊರಿ ಅಳಿಸೀತು.

ಪ್ರಶ್ನೆ: ಮೀಟರ್‌ನಲ್ಲಿ 2.9 ವೋಲ್ಟ್ ಬಂದರೆ ಲಿಥಿಯಂ ಸೆಲ್ ಚೆನ್ನಾಗಿದೆ ಅಂತ ಅಲ್ವಾ?
– ಓದುಗರೊಬ್ಬರು, ಕಡೂರು

ಉತ್ತರ: ಹಾಗೆ ಹೇಳಲಿಕ್ಕಾಗುವುದಿಲ್ಲ. ಲಿಥಿಯಂ ಸೆಲ್ ಕೊನೆಯ ತನಕ 3 ವೋಲ್ಟಿನ ಆಸುಪಾಸಿನಲ್ಲೇ ಇದ್ದು ಆಮೇಲೆ ದಿಢೀರ್ ಅಂತ ಇಳಿಯುತ್ತದೆ. ಸೆಲ್‌ಗೆ 1 ಕಿಲೋಓಮ್ ರೆಸಿಸ್ಟರ್ ಹಚ್ಚಿ ನಾಲ್ಕೈದು ಸೆಕೆಂಡ್ ಮೀಟರ್ ನೋಡಿ. ವೋಲ್ಟ್ ಅಲುಗಾಡದೆ ನಿಂತರೆ ಇರಲಿ. ಜಾಸ್ತಿ ಜಾರಿದರೆ ಬದಲಾಯಿಸಿ, ಹಾಕಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.